ವ್ಯಸನಮುಕ್ತಿಯ ಅಧ್ಯಯನದಲ್ಲಿ ಮಿದುಳಿನ ಚಿತ್ರಣವೂ ಯಂತ್ರಕಲಿಕೆಯೂ: ಸುತ್ತೂರಿನ ಹಿನ್ನೆಲೆಯಲ್ಲಿ ಒಂದು ವಿಚಾರ

ಕಪಿಲಾ ತೀರದ ಸುತ್ತೂರು, ಶ್ರೀಮಠದ ದೀರ್ಘ ಪರಂಪರೆಯಿಂದ ಖ್ಯಾತಿವೆತ್ತ ಕ್ಷೇತ್ರವಾಗಿರುವಂತೆಯೇ, ಕುಡಿತದ ಬಂಧನದಿಂದ ಬಿಡುಗಡೆಯನ್ನರಸಿ ಬರುವವರಿಗೆ ಆಶ್ರಯವೂ ಆಗಿದೆ. 1954ರಲ್ಲಿ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ಸ್ಥಾಪಿಸಿದ ಜೆ.ಎಸ್.ಎಸ್. ಮಹಾವಿದ್ಯಾಪೀಠದ ಆಶ್ರಯದಲ್ಲಿ, ಮೈಸೂರಿನ ಮನೋವೈದ್ಯರ ನೆರವಿನಿಂದ, ಇಲ್ಲಿ ವಸತಿಸಹಿತ ದುಶ್ಚಟ ನಿವಾರಣಾ ಶಿಬಿರಗಳು ನಡೆದು ಬಂದಿವೆ. ಇಂತಹ ಯಾವುದೇ ಶಿಬಿರವು ಚಿಕಿತ್ಸಕನ ಮುಂದಿರಿಸುವ ಪ್ರಶ್ನೆ ಒಂದೇ: ಒಂದೇ ಔಷಧವನ್ನೂ ಒಂದೇ ಉಪದೇಶವನ್ನೂ ಪಡೆದ ಇಬ್ಬರಲ್ಲಿ ಒಬ್ಬನು ಮದ್ಯವನ್ನು ತೊರೆದು ಬಾಳಲು, ಮತ್ತೊಬ್ಬನು ಊರಿಗೆ ಮರಳಿದ ಕೆಲವೇ ವಾರಗಳಲ್ಲಿ ಮತ್ತೆ ಕುಡಿತಕ್ಕೆ ವಶನಾಗಲು ಕಾರಣವೇನು?

ಇದನ್ನು ಸಂಕಲ್ಪಬಲದ ನ್ಯೂನತೆಯೆಂದು ಬಗೆದು ಸುಮ್ಮನಾಗುವುದು ಶಾಸ್ತ್ರಸಮ್ಮತವಲ್ಲ. ಎಂ.ಆರ್.ಐ. ಯಂತ್ರವು ಮಿದುಳಿನ ರಚನೆಯನ್ನು ತೋರಿಸುವುದಲ್ಲದೆ, ರಕ್ತದಲ್ಲಿನ ಆಮ್ಲಜನಕದ ಏರಿಳಿತದ ಮೂಲಕ ಅದರ ವ್ಯಾಪಾರವನ್ನೂ ಪರೋಕ್ಷವಾಗಿ ಅಳೆಯಬಲ್ಲದು. ದೀರ್ಘಕಾಲದ ಮದ್ಯಪಾನದಿಂದ ಪ್ರತಿಫಲದ ಆಸೆಯನ್ನು ಕೆರಳಿಸುವ ಜಾಲಗಳು ಮದ್ಯದ ಸೂಚನೆಗಳಿಗೆ ಅತಿಯಾಗಿ ಸ್ಪಂದಿಸುವುದೂ, ಮುಂದಾಲೋಚನೆಯನ್ನೂ ಸಂಯಮವನ್ನೂ ನಿರ್ವಹಿಸುವ ಮುಂಭಾಗದ ಪ್ರದೇಶಗಳು ದುರ್ಬಲಗೊಳ್ಳುವುದೂ ಹೀಗೆ ಕಂಡುಬಂದಿವೆ. ಕುಡಿತವನ್ನು ಬಿಟ್ಟ ಕೆಲವು ವಾರಗಳಲ್ಲಿಯೇ ಮಿದುಳಿನ ಕುಗ್ಗಿದ ಗಾತ್ರವು ಭಾಗಶಃ ಚೇತರಿಸಿಕೊಳ್ಳತೊಡಗುವುದೆಂಬುದು ಆಶಾದಾಯಕವಾದ ಸಂಗತಿ.

ಈ ವಿಷಯದಲ್ಲಿ ಕರ್ನಾಟಕದ ಕೊಡುಗೆ ಗಣನೀಯವಾದುದು. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನಲ್ಲಿ ವಿವೇಕ್ ಬೆನೆಗಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಮದ್ಯವ್ಯಸನದ ಕೌಟುಂಬಿಕ ಹಿನ್ನೆಲೆಯಿದ್ದೂ ಸ್ವತಃ ಮದ್ಯವನ್ನು ಸೇವಿಸದಿದ್ದವರಲ್ಲಿ ಮಿದುಳಿನ ಕೆಲವು ಭಾಗಗಳ ಬೂದುದ್ರವ್ಯವು ಕಡಿಮೆಯಾಗಿರುವುದನ್ನು ತೋರಿಸಿತು. ಅಂದರೆ ವ್ಯಸನಕ್ಕೆ ಈಡಾಗುವ ಸಾಧ್ಯತೆಯ ಕುರುಹುಗಳು ಮೊದಲ ಗುಟುಕಿಗಿಂತ ಮುಂಚೆಯೇ ಇರಬಲ್ಲವು. ತರುವಾಯ ಇದೇ ಸಾಧ್ಯತೆಯನ್ನು ಅರಸಿದ, ಭಾರತ–ಬ್ರಿಟನ್ ಸಹಯೋಗದ ‘ಸಿ-ವೇದ’ ಯೋಜನೆಯು, ದೇಶದ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷ ವಯಸ್ಸಿನ ಸುಮಾರು ಒಂಬತ್ತು ಸಾವಿರ ಮಂದಿಯ ಅಧ್ಯಯನವನ್ನು ಕೈಗೊಂಡಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಆ ಏಳರಲ್ಲಿ ಒಂದಾಗಿದ್ದುದು ಈ ಸೀಮೆಯವರಿಗೆ ಹೆಮ್ಮೆಯ ವಿಷಯ.

ಒಬ್ಬೊಬ್ಬನ ಮಿದುಳಿನ ಚಿತ್ರದಲ್ಲಿಯೂ ಸಾವಿರಾರು ಅಳತೆಗಳು ಅಡಗಿರುವುದರಿಂದ, ಅವುಗಳ ಪರಸ್ಪರ ಸಂಬಂಧವನ್ನು ಬರಿಗಣ್ಣಿನಿಂದ ಗ್ರಹಿಸುವುದು ದುಸ್ಸಾಧ್ಯ. ಉದಾಹರಣೆಗಳಿಂದ ಗಣಕವು ತಾನೇ ಕಲಿಯುವ ಯಂತ್ರಕಲಿಕೆಯ ವಿಧಾನವು, ಚೇತರಿಸಿಕೊಂಡವರ ಮತ್ತು ಮರಳಿ ಜಾರಿದವರ ಚಿತ್ರಗಳನ್ನು ಹೋಲಿಸಿ, ಭೇದವನ್ನು ಸೂಚಿಸುವ ವಿನ್ಯಾಸಗಳನ್ನು ಹೆಕ್ಕಿ ತೆಗೆಯುತ್ತದೆ. ಅಮೆರಿಕದಲ್ಲಿ ಮಾರ್ಟಿನ್ ಪೌಲಸ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮೆಥಾಂಫೆಟಮೈನ್ ವ್ಯಸನಕ್ಕೆ ಚಿಕಿತ್ಸೆ ಪಡೆದ 40 ಮಂದಿಯ ಪೈಕಿ, ಮರಳಿ ಜಾರಿದ 18 ಜನರಲ್ಲಿ 17 ಮಂದಿಯನ್ನೂ, ಜಾರದ 22 ಜನರಲ್ಲಿ 20 ಮಂದಿಯನ್ನೂ ಮಿದುಳಿನ ಚಟುವಟಿಕೆಯ ಆಧಾರದಿಂದ ಸರಿಯಾಗಿ ವಿಂಗಡಿಸಲಾಯಿತು. 2019ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಾರಾ ಯಿಪ್ ಮತ್ತು ಸಂಗಡಿಗರು ಮಿದುಳಿನ ಜಾಲಸಂಪರ್ಕಗಳಿಂದ ಕೊಕೇನ್ ವರ್ಜನೆಯನ್ನು ಊಹಿಸಿ, ಆ ಊಹೆಯನ್ನು ಬೇರೊಂದು ಗುಂಪಿನಲ್ಲಿಯೂ ಪರೀಕ್ಷಿಸಿದರು.

ಬೇರೊಂದು ಗುಂಪಿನಲ್ಲಿ ನಡೆಸುವ ಇಂತಹ ಪರೀಕ್ಷೆಯೇ ನಿಜವಾದ ಒರೆಗಲ್ಲು. ಹಳೆಯ ಪ್ರಶ್ನಪತ್ರಿಕೆಗಳನ್ನು ಕಂಠಪಾಠ ಮಾಡಿದ ವಿದ್ಯಾರ್ಥಿಯು ಹೊಸ ಪ್ರಶ್ನೆಯ ಮುಂದೆ ತಡವರಿಸುವಂತೆ, ಕೆಲವೇ ಜನರ ಚಿತ್ರಗಳಿಂದ ಕಲಿತ ಗಣಿತಮಾದರಿಯು ಅಪರಿಚಿತನ ಮುಂದೆ ಸೋಲಬಹುದು. ಪಾಶ್ಚಾತ್ಯ ನಗರಗಳ ಕೊಕೇನ್ ವ್ಯಸನಿಗಳಿಂದ ಪಡೆದ ಸೂತ್ರವನ್ನು, ಕೂಲಿಯ ಹಣದಲ್ಲಿ ಅಗ್ಗದ ಮದ್ಯವನ್ನು ಕೊಳ್ಳುವ ನಂಜನಗೂಡಿನ ಅಥವಾ ತಿ. ನರಸೀಪುರದ ಶ್ರಮಜೀವಿಗೆ ಪರೀಕ್ಷಿಸದೆ ಅನ್ವಯಿಸುವುದು ಅವಿವೇಕ. ಆತನು ಹಿಂದಿರುಗುವ ಮನೆಯ ಸಾಲವನ್ನಾಗಲಿ, ಹೆಂಡತಿಯ ಸಹನೆಯನ್ನಾಗಲಿ, ಜೊತೆಗಾರರ ಒತ್ತಾಯವನ್ನಾಗಲಿ ಯಾವ ಚಿತ್ರವೂ ತೋರಿಸದು.

ಆದುದರಿಂದ ಪ್ರಸ್ತುತ ಲೇಖನದ ಸೂಚನೆಯಿಷ್ಟು: ಸುತ್ತೂರಿನಂತಹ ಶಿಬಿರಕ್ಕೆ ಬರುವವರಲ್ಲಿ ಸ್ವಇಚ್ಛೆಯಿಂದ ಸಮ್ಮತಿಸಿದವರ ಮಿದುಳಿನ ಚಿತ್ರವನ್ನು ಶಿಬಿರದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಮೈಸೂರಿನಲ್ಲಿ ತೆಗೆದು, ಅನಂತರ ಒಂದು ವರ್ಷ ಕಾಲ ಅವರ ಊರುಗಳಿಗೇ ಹೋಗಿ ಕ್ಷೇಮವನ್ನು ವಿಚಾರಿಸಿ, ಈ ಎರಡನ್ನೂ ಒಟ್ಟಿಗಿಟ್ಟು ವಿಶ್ಲೇಷಿಸಬೇಕು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 2.9 ಕೋಟಿ ಭಾರತೀಯರು ಮದ್ಯಾವಲಂಬಿಗಳು. ಅವರೆಲ್ಲರನ್ನೂ ಯಂತ್ರದೊಳಗೆ ಮಲಗಿಸುವುದು ಅಸಾಧ್ಯವಾದ ಕಾರಣ, ಚಿತ್ರಣದಿಂದ ದೊರೆತ ಅರಿವನ್ನು ಹಳ್ಳಿಯ ಆರೋಗ್ಯ ಕಾರ್ಯಕರ್ತೆಯೂ ಬಳಸಬಲ್ಲ ಸರಳ ಪ್ರಶ್ನಾವಳಿಯಾಗಿ ಇಳಿಸುವುದೇ ಅಂತಿಮ ಗುರಿಯಾಗಬೇಕು. ಮರಳಿ ಜಾರುವನೆಂದು ಗಣನೆಯು ಸೂಚಿಸಿದವನಿಗೆ ಶಿಬಿರದ ಬಾಗಿಲು ಎಂದಿಗೂ ಮುಚ್ಚಬಾರದು; ಆ ಸೂಚನೆಯು ಅವನಿಗೆ ಹೆಚ್ಚಿನ ದಿನಗಳ ಆರೈಕೆಯನ್ನೂ, ಅವನ ಮನೆಯವರಿಗೆ ಮೊದಲೇ ದೊರೆಯುವ ನೆರವನ್ನೂ ತರುವುದಾದರೆ ಮಾತ್ರ ಈ ವಿದ್ಯೆಯು ಸಾರ್ಥಕವಾದೀತು.