ಮಾಡ್ ತುಂಬಿದ ಆಟಗಳಿಗೆ ಗ್ರಾಫಿಕ್ಸ್ ಕಾರ್ಡ್ ಆಯ್ಕೆ

ಕಂಪ್ಯೂಟರ್ ಆಟವೊಂದನ್ನು ಮಾರ್ಪಡಿಸಲು ಆಟಗಾರರು ತಾವೇ ತಯಾರಿಸಿ ಹಂಚಿಕೊಳ್ಳುವ ಕಡತಗಳನ್ನು ಮಾಡ್ ಎನ್ನುತ್ತಾರೆ. ಹೊಸ ಮರಗಿಡ, ಹೊಸ ಉಡುಪು, ಹೊಸ ಬೆಳಕು, ಹೊಸ ಕಥೆ ಹೀಗೆ ಏನನ್ನಾದರೂ ಮಾಡ್ ಸೇರಿಸಬಹುದು. ನೂರಾರು ಮಾಡ್‌ಗಳನ್ನು ಒಂದೇ ಆಟಕ್ಕೆ ಹಾಕಿಕೊಳ್ಳುವವರಿಗೆ ಆಟದ ಕಂಪನಿ ಸೂಚಿಸಿದ ಯಂತ್ರಾಂಶದ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಅದು ಮೂಲ ಆಟಕ್ಕೆ ಬರೆದದ್ದು. ಸಾಮಾನ್ಯ ಆಟಗಳಿಗೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಾಗ ಚಿಪ್‌ನ ವೇಗವನ್ನು ಮೊದಲು ನೋಡುವುದು ರೂಢಿ. ಮಾಡ್ ತುಂಬಿದ ಆಟಗಳಿಗೆ ಮೊದಲು ನೋಡಬೇಕಾದ್ದು ಕಾರ್ಡ್‌ನ ಮೇಲಿರುವ ಮೆಮೊರಿ, ಅಂದರೆ ವಿಡಿಯೊ ಮೆಮೊರಿ, ಎಷ್ಟಿದೆ ಎಂಬುದನ್ನು.

ಹಿನ್ನೆಲೆ

ಈ ವಿಷಯಕ್ಕೆ ಅತ್ಯಂತ ಪರಿಚಿತ ಉದಾಹರಣೆ ಬೆಥೆಸ್ಡಾ ಗೇಮ್ ಸ್ಟುಡಿಯೋಸ್‌ನ ‘ದಿ ಎಲ್ಡರ್ ಸ್ಕ್ರೋಲ್ಸ್ 5: ಸ್ಕೈರಿಮ್’. 2011ರ ನವೆಂಬರ್ 11ರಂದು ಬಿಡುಗಡೆಯಾದ ಈ ಆಟ 32 ಬಿಟ್‌ನದು. ಡೈರೆಕ್ಟ್‌ಎಕ್ಸ್ 9 ಎಂಬ ಗ್ರಾಫಿಕ್ಸ್ ವ್ಯವಸ್ಥೆಯನ್ನು ಬಳಸುತ್ತಿತ್ತು. 32 ಬಿಟ್ ತಂತ್ರಾಂಶ 4 ಜಿಬಿಗಿಂತ ಹೆಚ್ಚು ಮೆಮೊರಿಯನ್ನು ಮುಟ್ಟಲಾರದು. ಹಾಗಾಗಿ ದೊಡ್ಡ ಚಿತ್ರಗಳ ಮಾಡ್‌ಗಳನ್ನು ಹಾಕಿದಾಗ ಕಾರ್ಡ್ ಸುಸ್ತಾಗುವ ಮೊದಲೇ ಆಟ ಮುಚ್ಚಿಕೊಳ್ಳುತ್ತಿತ್ತು. ಬೋರಿಸ್ ವೊರೊಂಟ್ಸೊವ್ ಅವರ ಇಎನ್‌ಬಿ ಸೀರೀಸ್ ಎಂಬ ಮಾಡ್ ಮೆಮೊರಿ ನಿರ್ವಹಣೆಯ ಸೌಲಭ್ಯ ಸೇರಿಸಿ ಈ ಮಿತಿಯನ್ನು ಸ್ವಲ್ಪ ಸಡಿಲಿಸಿತು.

2016ರ ಅಕ್ಟೋಬರ್ 28ರಂದು ಬಂದ ‘ಸ್ಪೆಷಲ್ ಎಡಿಷನ್’ 64 ಬಿಟ್‌ನದು, ಡೈರೆಕ್ಟ್‌ಎಕ್ಸ್ 11ರದು. 4 ಜಿಬಿಯ ಗೋಡೆ ಅಲ್ಲಿಗೆ ಬಿತ್ತು. ಆಟಗಾರರು ಮೊದಲಿಗಿಂತ ಬಹಳ ಹೆಚ್ಚು ಮಾಡ್ ಹಾಕಬಹುದಾಯಿತು, ಅದರ ಭಾರ ನೇರವಾಗಿ ಗ್ರಾಫಿಕ್ಸ್ ಕಾರ್ಡ್‌ನ ಮೇಲೆ ಬಿತ್ತು.

ವಿಡಿಯೊ ಮೆಮೊರಿಯ ಲೆಕ್ಕ

ಆಟದಲ್ಲಿ ಕಾಣುವ ಪ್ರತಿ ವಸ್ತುವಿನ ಮೇಲ್ಮೈಗೆ ಹೊದಿಸುವ ಚಿತ್ರವೇ ಟೆಕ್ಸ್‌ಚರ್. ದಾರಿ ಬದಿಯ ಒಂದು ಬಂಡೆಯನ್ನೇ ತೆಗೆದುಕೊಳ್ಳೋಣ. ಅದರ ಟೆಕ್ಸ್‌ಚರ್ 4ಕೆ ಗಾತ್ರದ್ದಾದರೆ ಅಡ್ಡಕ್ಕೂ ಉದ್ದಕ್ಕೂ 4096 ಪಿಕ್ಸೆಲ್. ಕುಗ್ಗಿಸದೆ ಇಟ್ಟರೆ ಪಿಕ್ಸೆಲ್‌ಗೆ 4 ಬೈಟ್‌ನಂತೆ 64 ಎಂಬಿ ಬೇಕು. ಆಟಗಳು ಬಳಸುವ ಬಿಸಿ7 ಎಂಬ ಕುಗ್ಗಿಸುವ ವಿಧಾನದಲ್ಲಿ ಇದು 16 ಎಂಬಿಗೆ ಇಳಿಯುತ್ತದೆ. ದೂರದಿಂದ ನೋಡುವಾಗ ಬೇಕಾಗುವ ಚಿಕ್ಕ ಪ್ರತಿಗಳು ಸೇರಿ ಸುಮಾರು 21 ಎಂಬಿ. ಉಬ್ಬುತಗ್ಗು ತೋರಿಸಲು ಅಷ್ಟೇ ದೊಡ್ಡ ಇನ್ನೊಂದು ಚಿತ್ರ ಬೇಕು. ಅಲ್ಲಿಗೆ ಒಂದು ಬಂಡೆಗೆ 42 ಎಂಬಿ ಆಯಿತು. ಅದೇ ಬಂಡೆಗೆ 2ಕೆ ಟೆಕ್ಸ್‌ಚರ್ ಹಾಕಿದರೆ ಇದರ ನಾಲ್ಕನೇ ಒಂದು ಭಾಗ, ಸುಮಾರು 11 ಎಂಬಿ ಸಾಕು. ಇಂಥ ನೂರು ವಸ್ತುಗಳು ಒಟ್ಟಿಗೆ ಕಣ್ಣೆದುರಿಗಿದ್ದರೆ 4ಕೆಯಲ್ಲಿ 4 ಜಿಬಿಗೂ ಹೆಚ್ಚು, 2ಕೆಯಲ್ಲಿ 1 ಜಿಬಿಗಿಂತ ತುಸು ಹೆಚ್ಚು ಬೇಕಾಗುತ್ತದೆ.

ಟೆಕ್ಸ್‌ಚರ್‌ನ 4ಕೆಗೂ ಮಾನಿಟರ್‌ನ 4ಕೆಗೂ ಸಂಬಂಧವಿಲ್ಲ. 4ಕೆ ಪರದೆಯ ಒಂದು ಪೂರ್ಣ ಚಿತ್ರಕ್ಕೆ 33 ಎಂಬಿಯಷ್ಟು ಮೆಮೊರಿ ಸಾಕು. ಆಟಕ್ಕೆ ಇಂಥ ಹಲವು ಚಿತ್ರಗಳು ಬೇಕಾದರೂ ಮೆಮೊರಿಯ ದೊಡ್ಡ ಪಾಲು ನುಂಗುವುದು ಟೆಕ್ಸ್‌ಚರ್‌ಗಳೇ. 1080ಪಿ ಮಾನಿಟರ್‌ನಲ್ಲಿ ಆಡುವವರು ಮೇಜಿನ ಮೇಲಿನ ಚಮಚಕ್ಕೂ 4ಕೆ ಟೆಕ್ಸ್‌ಚರ್ ಹಾಕಿದರೆ ಮೆಮೊರಿ ತುಂಬುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ.

ಮೆಮೊರಿ ತುಂಬಿದಾಗ

ಕಾರ್ಡ್‌ನ ಮೆಮೊರಿ ತುಂಬಿದರೆ ಕಾರ್ಡ್ ಅನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಉಳಿದ ಟೆಕ್ಸ್‌ಚರ್‌ಗಳನ್ನು ಕಂಪ್ಯೂಟರ್‌ನ ಮೆಮೊರಿಯಲ್ಲಿಟ್ಟು ಪಿಸಿಐ ಎಕ್ಸ್‌ಪ್ರೆಸ್ ಮಾರ್ಗದ ಮೂಲಕ ತರಿಸಿಕೊಳ್ಳುತ್ತದೆ. ಎನ್ವಿಡಿಯಾದ ಆರ್‌ಟಿಎಕ್ಸ್ 3060 ಕಾರ್ಡ್‌ನ 12 ಜಿಬಿ ಮಾದರಿ ತನ್ನದೇ ಮೆಮೊರಿಯಿಂದ ಸೆಕೆಂಡಿಗೆ 360 ಜಿಬಿ ಓದಬಲ್ಲದು. 16 ಲೇನ್‌ಗಳ ಪಿಸಿಐ ಎಕ್ಸ್‌ಪ್ರೆಸ್ 4.0ರಲ್ಲಿ ಬರುವುದು ಸೆಕೆಂಡಿಗೆ ಸುಮಾರು 32 ಜಿಬಿ ಮಾತ್ರ. ಆರ್‌ಟಿಎಕ್ಸ್ 4060ರಂಥ ಕಾರ್ಡ್‌ಗಳಲ್ಲಿ 8 ಲೇನ್‌ಗಳೇ ಇರುವುದರಿಂದ ಅದರಲ್ಲೂ ಅರ್ಧ. ಪರಿಣಾಮ ಹೀಗಿರುತ್ತದೆ: ಮನೆಯೊಳಗಿದ್ದಾಗ ಸೆಕೆಂಡಿಗೆ 60 ಫ್ರೇಮ್ ನಿರಾಯಾಸವಾಗಿ ಬರುತ್ತದೆ, ಕಾಡಿಗೆ ಕಾಲಿಟ್ಟು ಹಿಂದಿರುಗಿ ನೋಡಿದರೆ ಆಟ ಕ್ಷಣಕಾಲ ನಿಂತು ಎಳೆಯುತ್ತದೆ. ಸರಾಸರಿ ಫ್ರೇಮ್ ದರದಲ್ಲಿ ಈ ದೋಷ ಅಷ್ಟಾಗಿ ಕಾಣುವುದಿಲ್ಲ.

ಈ ಕಾರಣದಿಂದಲೇ ಕಾರ್ಡ್‌ಗಳ ಶ್ರೇಣಿ ತಲೆಕೆಳಗಾಗುವುದುಂಟು. 2020ರಲ್ಲಿ ಬಂದ 8 ಜಿಬಿಯ ಆರ್‌ಟಿಎಕ್ಸ್ 3070, 2021ರಲ್ಲಿ ಬಂದ 12 ಜಿಬಿಯ 3060ಗಿಂತ ಸಾಕಷ್ಟು ವೇಗದ್ದು. ಮಾಡ್‌ಗಳಿಗೆ 10 ಜಿಬಿ ಬೇಕಾದಲ್ಲಿ ನಿಧಾನದ ಕಾರ್ಡೇ ಸುಗಮವಾಗಿ ಓಡಬಹುದು. ಆರ್‌ಟಿಎಕ್ಸ್ 4060 ಟಿಐ, 5060 ಟಿಐ ಮತ್ತು ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಒಂದೇ ಹೆಸರಿನಲ್ಲಿ 8 ಮತ್ತು 16 ಜಿಬಿ ಎರಡರಲ್ಲೂ ಬಂದಿವೆ. ಮಾಡ್ ಹಾಕುವವರಿಗೆ ಇವೆರಡು ಬೇರೆ ಬೇರೆ ಕಾರ್ಡ್‌ಗಳಿದ್ದಂತೆ.

ಸ್ಥೂಲವಾಗಿ ಹೇಳುವುದಾದರೆ, 1080ಪಿ ಪರದೆಗೆ 1ಕೆ ಮತ್ತು 2ಕೆ ಟೆಕ್ಸ್‌ಚರ್‌ಗಳ ಮಾಡ್ ಹಾಕುವವರಿಗೆ 8 ಜಿಬಿ ನಡೆಯುತ್ತದೆ. 1440ಪಿಯಲ್ಲಿ 2ಕೆ, 4ಕೆ ಬೆರಸಿ ಆಡುವವರಿಗೆ 12 ಜಿಬಿ ಬೇಕು. ಸಾವಿರಾರು ಮಾಡ್‌ಗಳ ಸಿದ್ಧ ಪಟ್ಟಿ ಬಳಸುವವರಿಗೆ ಅಥವಾ 4ಕೆ ಪರದೆಯವರಿಗೆ 16 ಜಿಬಿಯಿಂದ ಮೇಲೆ ನೋಡುವುದು ಒಳಿತು.

ಚಿಪ್‌ನ ವೇಗ ಬೇಕಾಗುವುದೆಲ್ಲಿ

ಬೆಳಕು, ನೆರಳು, ಮಂಜು, ನೀರಿನ ಪ್ರತಿಬಿಂಬಗಳನ್ನು ಬದಲಿಸುವ ಶೇಡರ್ ಮಾಡ್‌ಗಳಿಗೆ ಮೆಮೊರಿಗಿಂತ ಚಿಪ್‌ನ ಶಕ್ತಿ ಮುಖ್ಯ. ಮೇಲೆ ಹೇಳಿದ ಇಎನ್‌ಬಿಯ ಮುಖ್ಯ ಕೆಲಸವೂ ಇದೇ, ಅದು ಪ್ರತಿ ಪಿಕ್ಸೆಲ್‌ಗೂ ನಡೆಯುತ್ತದೆ. 4ಕೆ ಪರದೆಯಲ್ಲಿ 1080ಪಿಯ ನಾಲ್ಕರಷ್ಟು ಪಿಕ್ಸೆಲ್‌ಗಳಿರುವುದರಿಂದ ಹೊರೆಯೂ ಹಾಗೆಯೇ ಏರುತ್ತದೆ. ಕಡಿಮೆ ಪಿಕ್ಸೆಲ್‌ಗಳಲ್ಲಿ ಬಿಡಿಸಿ ಹಿಗ್ಗಿಸುವ ತಂತ್ರ ಸ್ಕೈರಿಮ್‌ಗೆ ಮಾಡ್‌ಗಳ ಮೂಲಕವೇ ಬಂದಿದೆ. ಈ ಬಗೆಯ ತಂತ್ರಗಳಲ್ಲಿ ಡಿಎಲ್‌ಎಸ್‌ಎಸ್ ಎನ್ವಿಡಿಯಾದ ಆರ್‌ಟಿಎಕ್ಸ್ ಕಾರ್ಡ್‌ಗಳಲ್ಲಿ ಮಾತ್ರ ಓಡುತ್ತದೆ.

ಕಾರ್ಡ್ ಬದಲಿಸಿದರೂ ಸರಿಹೋಗದ್ದು

ಊರಿನ ಜನಸಂಖ್ಯೆ ಹೆಚ್ಚಿಸುವ ಮಾಡ್, ಆಟದ ಪಪೈರಸ್ ಭಾಷೆಯಲ್ಲಿ ಬರೆದ ಸ್ಕ್ರಿಪ್ಟ್‌ಗಳು, ಪರದೆಯ ಮೇಲಿನ ವಸ್ತುಗಳ ಸಂಖ್ಯೆ ಇವೆಲ್ಲ ಪ್ರೊಸೆಸರ್‌ಗೆ ಬೀಳುವ ಕೆಲಸ. ಪೇಟೆಯಲ್ಲಿ ಫ್ರೇಮ್ ದರ ಕುಸಿದಾಗ ಕಾರ್ಡ್‌ನ ಬಳಕೆ ಶೇಕಡ 60ರಲ್ಲೇ ನಿಂತಿದ್ದರೆ ತಡೆ ಇರುವುದು ಪ್ರೊಸೆಸರ್‌ನಲ್ಲಿ. ಸ್ಕೈರಿಮ್‌ನ ಭೌತಿಕ ಚಲನೆಯೂ 60 ಫ್ರೇಮ್‌ಗೆ ಕಟ್ಟುಬಿದ್ದಿದೆ. ಅದನ್ನು ಮೀರಿದರೆ ಮನೆಯ ಬಾಗಿಲು ತೆರೆದ ಕೂಡಲೇ ಮೇಜಿನ ಮೇಲಿನ ತಟ್ಟೆಲೋಟಗಳು ಹಾರಿ ಬೀಳುತ್ತವೆ. ‘ಎಸ್‌ಎಸ್‌ಇ ಡಿಸ್‌ಪ್ಲೇ ಟ್ವೀಕ್ಸ್’ ಎಂಬ ಮಾಡ್ ಇದನ್ನು ಸರಿಪಡಿಸುತ್ತದೆ.

ಡ್ರೈವರ್‌ಗಳು

ಮಾಡ್‌ಗಳಿಂದ ಬದುಕಿರುವ ಆಟಗಳು ಬಹುಪಾಲು ಹಳೆಯವು. ಹಾಗಾಗಿ ಹಳೆಯ ಗ್ರಾಫಿಕ್ಸ್ ವ್ಯವಸ್ಥೆಗಳಿಗೆ ಡ್ರೈವರ್ ಬೆಂಬಲ ಮುಖ್ಯವಾಗುತ್ತದೆ. 2022ರಲ್ಲಿ ಬಂದ ಇಂಟೆಲ್ ಆರ್ಕ್ ಕಾರ್ಡ್‌ಗಳು ಆರಂಭದಲ್ಲಿ ಡೈರೆಕ್ಟ್‌ಎಕ್ಸ್ 9 ಆಟಗಳಲ್ಲಿ ಹಿಂದೆ ಬಿದ್ದವು, ನಂತರದ ಡ್ರೈವರ್‌ಗಳಲ್ಲಿ ಚೇತರಿಸಿಕೊಂಡವು. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಓಪನ್‌ಜಿಎಲ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಯನ್ನು ಬಳಸುತ್ತ ಬಂದಿದೆ. ಎಎಂಡಿ 2022ರ ಜುಲೈನಲ್ಲಿ ವಿಂಡೋಸ್‌ನ ಓಪನ್‌ಜಿಎಲ್ ಡ್ರೈವರ್ ಅನ್ನು ಬಹುವಾಗಿ ಸುಧಾರಿಸಿತು. ಅದಕ್ಕೂ ಹಿಂದಿನ ವಿಮರ್ಶೆಗಳ ಅಂಕಿಗಳನ್ನು ಈಗ ನಂಬಬಾರದು.

ಕೊಳ್ಳುವಾಗ

ವಿದ್ಯುತ್ ಬೇಡಿಕೆಯನ್ನೂ ನೋಡಬೇಕು. ಆರ್‌ಟಿಎಕ್ಸ್ 4060ಗೆ 115 ವ್ಯಾಟ್ ಸಾಕು, 24 ಜಿಬಿಯ 4090ಗೆ 450 ವ್ಯಾಟ್ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಂ ನಾಣ್ಯದ ಗಣಿಗಾರಿಕೆ ನಿಂತ ಮೇಲೆ ಅದಕ್ಕೆ ದುಡಿದ ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಬಳಸಿದ ಕಾರ್ಡ್ ಎಲ್ಲೇ ಕೊಂಡರೂ ಅದರ ಮೇಲೆ ಭಾರದ ಆಟವೊಂದನ್ನು ಅರ್ಧ ಗಂಟೆಯಾದರೂ ಓಡಿಸಿ ನೋಡಬೇಕು. ಪರದೆಯಲ್ಲಿ ಬಣ್ಣದ ಚುಕ್ಕಿ, ಚೌಕಗಳು ಮಿನುಗಿದರೆ ಮೆಮೊರಿ ಕೆಟ್ಟಿರುವ ಸಂಭವ ಹೆಚ್ಚು.

ಹಣ ಖರ್ಚು ಮಾಡುವ ಮೊದಲು ಈಗಿರುವ ಕಾರ್ಡ್‌ನಲ್ಲೇ ಅಳೆಯುವುದು ಕ್ಷೇಮ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಕಾರ್ಡ್‌ನ ಮೆಮೊರಿ ಬಳಕೆಯನ್ನೂ ಕಂಪ್ಯೂಟರ್‌ನಿಂದ ಅದು ಎರವಲು ಪಡೆದದ್ದನ್ನೂ ಬೇರೆ ಬೇರೆಯಾಗಿ ತೋರಿಸುತ್ತದೆ. ಮೊದಲನೆಯದು ತುದಿ ಮುಟ್ಟಿ ಎರಡನೆಯದು ಏರುತ್ತ ಹೋದರೆ ಮೆಮೊರಿಯ ಕೊರತೆಯಿದೆ. ಆಗಲೂ ‘ಕೆಥೀಡ್ರಲ್ ಅಸೆಟ್ಸ್ ಆಪ್ಟಿಮೈಜರ್’ನಂಥ ಉಪಕರಣದಿಂದ 4ಕೆ ಟೆಕ್ಸ್‌ಚರ್‌ಗಳನ್ನು 2ಕೆಗೆ ಇಳಿಸಿ ನೋಡಬಹುದು. ಎಳೆತ ಅಷ್ಟರಲ್ಲೇ ನಿಂತರೆ ಹೊಸ ಕಾರ್ಡ್ ಬೇಕಿಲ್ಲ. ನಿಲ್ಲದಿದ್ದರೆ, ಅಥವಾ ಇಳಿಸಿದ ಚಿತ್ರಗಳು ಕಣ್ಣಿಗೆ ಹಿಡಿಸದಿದ್ದರೆ, ಎಷ್ಟು ಜಿಬಿಯ ಕಾರ್ಡ್ ಬೇಕೆಂಬುದು ಅಳತೆಯ ಅಂಕಿಯಿಂದಲೇ ತಿಳಿಯುತ್ತದೆ.