ಡಚ್ಚರ ಉದ್ದ ಪದಗಳು ಮತ್ತು ಒಂದು ನಕಾರದ ಕಲಹ

‘ಸಮಾಸವನ್ನು ಬಿಡಿಸಿ ಬರೆಯಿರಿ’ ಎಂದೊಡನೆ ತಲೆ ತಗ್ಗಿಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಡಚ್ ಭಾಷೆಯ ಪರಿಚಯವಾದರೆ ಕನ್ನಡವೇ ಸುಲಭವೆನಿಸೀತು. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಪದಗಳನ್ನು ಡಚ್ಚರು ಕೂಡಿಸಿ ಒಂದೇ ಪದವಾಗಿ ಬರೆಯುತ್ತಾರೆ. ಬೆಸುಗೆಯ ಜಾಗವನ್ನು ಗುರುತಿಸುವ ಹೊರೆ ಓದುಗನದು. ‘ಕ್ವಾರ್ಟ್‌ಸ್ಲಾಖನ್’ ಎಂಬುದನ್ನು ‘ಕ್ವಾರ್ಟ್-ಸ್ಲಾಖನ್’ ಎಂದು ಒಡೆದರೆ ಕಾಲು ಸುತ್ತುಗಳು. ‘ಕ್ವಾರ್ಟ್ಸ್-ಲಾಖನ್’ ಎಂದು ಒಡೆದರೆ ಬೆಣಚುಕಲ್ಲಿನ ಪದರಗಳು! ಸಾಲಿನ ಕೊನೆಯಲ್ಲಿ ಪದವನ್ನು ಮುರಿಯುವಾಗಲೂ ಮೊದಲು ಘಟಕಪದಗಳ ಗಡಿಯನ್ನು ನೋಡಿ, ಆನಂತರ ಉಚ್ಚಾರಾಂಶವನ್ನು ನೋಡಬೇಕು.

ಉಚ್ಚಾರಣೆಯಲ್ಲಿ ನಮಗೆ ಪರಿಚಿತವಾದುದೊಂದು ಉಂಟು. ಜೇಬಿಗೆ ‘ಜಕ್’, ಬಟ್ಟೆಗೆ ‘ಡೂಕ್’. ಎರಡೂ ಸೇರಿದ ಕರವಸ್ತ್ರವನ್ನು ಅವರು ‘ಜಗ್‌ಡೂಕ್’ ಎಂದು ಉಚ್ಚರಿಸುತ್ತಾರೆ. ವಾಕ್ ಮತ್ತು ದೇವಿ ಸೇರಿ ವಾಗ್ದೇವಿಯಾಗುವ ನಮ್ಮ ಜಶ್ತ್ವ ಸಂಧಿಯ ಕ್ರಮವೇ ಇದು. ನಾವು ಬದಲಾದ ಧ್ವನಿಯನ್ನು ಬರೆಯುತ್ತೇವೆ. ಅವರು ಬರಹದಲ್ಲಿ ಕಕಾರವನ್ನೇ ಉಳಿಸಿಕೊಳ್ಳುತ್ತಾರೆ.

ಆದರೆ ನಿಜವಾದ ಜಗಳ ನಡೆದದ್ದು ಬೆಸುಗೆಯಲ್ಲಿ ಬರುವ ನಕಾರದ ಬಗ್ಗೆ. 1863ರಲ್ಲಿ ದ ಫ್ರೀಸ್ ಮತ್ತು ತೆ ವಿಂಕಲ್ ಎಂಬ ವಿದ್ವಾಂಸರು ಒಂದು ಮಹಾನಿಘಂಟಿಗಾಗಿ ಕಾಗುಣಿತವನ್ನು ರೂಪಿಸಿದರು. (ಆ ನಿಘಂಟು ಮುಗಿದದ್ದು 1998ರಲ್ಲಿ!) ನಕಾರ ಬೇಕೇ ಬೇಡವೇ ಎಂಬುದಕ್ಕೆ ಅವರು ಅರ್ಥವನ್ನು ಆಧಾರವಾಗಿಸಿಕೊಂಡರು. ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂ ಕೂಡಿ 1954ರಲ್ಲಿ ಹೊರತಂದ ‘ಹಸಿರು ಪುಸ್ತಿಕೆ’ಯೂ ಅದೇ ಹಾದಿ ಹಿಡಿಯಿತು. ದೋಸೆಯಂಥ ತಿಂಡಿಯಾದ ‘ಪನ್ನೆಕೂಕ್’ಗೆ ಬಾಣಲೆ ಒಂದೇ ಸಾಕು; ಆದ್ದರಿಂದ ನಕಾರವಿಲ್ಲ. ಪುಸ್ತಕದ ಕಪಾಟಿನಲ್ಲಿ ಪುಸ್ತಕಗಳು ಹಲವು, ಅಲ್ಲಿ ನಕಾರವುಂಟು. ತರ್ಕವೇನೋ ಚೆನ್ನ, ಆದರೆ ಶಾಲಾಬಾಲಕ ಪ್ರತಿಯೊಂದು ಪದಕ್ಕೂ ಬಾಣಲೆಗಳನ್ನು ಎಣಿಸುತ್ತ ಕೂರಲಾದೀತೆ?

1995ರಲ್ಲಿ ಅರ್ಥವನ್ನು ಬದಿಗಿರಿಸಿ, ಮೊದಲ ಪದದ ಬಹುವಚನರೂಪವನ್ನು ಆಧಾರವಾಗಿಸಿದರು. ‘ಪನ್ನೆಕೂಕ್’ ಬರಹದಲ್ಲಿ ‘ಪನ್ನೆನ್‌ಕೂಕ್’ ಆಯಿತು. ಒಬ್ಬನೇ ಆದ ಸೂರ್ಯನಿಗೂ ರಾಣಿಗೂ ವಿನಾಯಿತಿ ದೊರೆಯಿತು. ಪ್ರಾಣಿಯ ಹೆಸರುಳ್ಳ ಗಿಡಗಳಿಗೂ ದೊರೆತಿತ್ತು. 2005ರಲ್ಲಿ ಅದನ್ನು ಹಿಂತೆಗೆದುಕೊಂಡರು. ಹೀಗೆ ‘ಕುದುರೆಹೂ’ ಎಂಬರ್ಥದ ಒಂದೇ ಹೂವಿನ ಹೆಸರಿನಲ್ಲಿ ನಕಾರ ಬರೆದ ಮಗುವಿಗೆ ಒಂದು ವರ್ಷ ತಪ್ಪು, ಹತ್ತು ವರ್ಷಗಳಾದ ಮೇಲೆ ಸರಿ! ಕೆಂಪು ಶಾಯಿ ಹಿಡಿದ ಆ ಉಪಾಧ್ಯಾಯರ ಬಗ್ಗೆ ನನಗೆ ಕನಿಕರವಿದೆ. ಬೇಸತ್ತ ಕೆಲವು ಡಚ್ ಪತ್ರಿಕೆಗಳು 2006ರಲ್ಲಿ ‘ಬಿಳಿ ಪುಸ್ತಿಕೆ’ಯೆಂಬ ಸಡಿಲ ನಿಯಮಾವಳಿಯ ಕಡೆಗೆ ತಿರುಗಿದವು. ಶಾಲೆಗಳಿಗೂ ಸರಕಾರಿ ಕಚೇರಿಗಳಿಗೂ ಮಾತ್ರ ಹಸಿರು ಪುಸ್ತಿಕೆಯ ನಿಯಮವೇ ಕಡ್ಡಾಯ.

ಇಷ್ಟೆಲ್ಲ ಕಾದಾಡಿದ ಆ ನಕಾರವನ್ನು ಬಹುಪಾಲು ಡಚ್ಚರು ಉಚ್ಚರಿಸುವುದೇ ಇಲ್ಲ. ಅಡುಗೆಮನೆಯಲ್ಲಿ ಅದು ಇಂದಿಗೂ ‘ಪನ್ನೆಕೂಕ್’.