ಶೇಷೇಂಧನ ವಿಚಾರ: ಹಳೆಯ ಔಟ್‌ಬೋರ್ಡ್ ಮೋಟಾರಿನ ಚರಿತ್ರೆಯಲ್ಲಿ ಒಂದು ಪ್ರಕರಣ

ಯಂತ್ರಗಳ ಚರಿತ್ರೆಯನ್ನು ಬರೆದವರು ಅವುಗಳ ಬಲವನ್ನೂ ವೇಗವನ್ನೂ ವಿಸ್ತಾರವಾಗಿ ವರ್ಣಿಸಿರುವರು. ಅವು ಉಳಿಸುವ ಶೇಷವೇನು, ಅದು ಎಲ್ಲಿಗೆ ಹೋಗುವುದು ಎಂಬುದನ್ನು ವಿಚಾರಿಸಿದವರು ವಿರಳ. ಮನೆಯೊಂದರ ಆಚಾರವು ಬಡಿಸುವ ಕ್ರಮದಿಂದ ಮಾತ್ರವಲ್ಲದೆ ಎಂಜಲನ್ನು ಎಲ್ಲಿ ಚೆಲ್ಲುವರೆಂಬುದರಿಂದಲೂ ತಿಳಿಯುವುದಷ್ಟೆ. ಟೂ-ಸ್ಟ್ರೋಕ್ ಎಂದು ಪ್ರಸಿದ್ಧವಾಗಿರುವ ಎರಡು ಹೊಡೆತದ ಇಂಜಿನಿನ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ. ಈ ಇಂಜಿನು ತನ್ನೊಳಗೆ ಉರಿಯದೆ ನಿಂತ ಇಂಧನವನ್ನು, ಎಂದರೆ ಶೇಷೇಂಧನವನ್ನು, ಏನು ಮಾಡುತ್ತ ಬಂದಿತೆಂಬುದೇ ಪ್ರಕೃತ ಲೇಖನದ ವಿಷಯ. ವಿಷಯವು ಅಲ್ಪವೆಂದು ತೋರಬಹುದು. ಆದರೆ ಕನ್ನಡ ನಾಡಿನ ಕರಾವಳಿಯಲ್ಲಿ ಮಳೆಗಾಲದ ಸಮುದ್ರಕ್ಕಿಳಿಯುವ ಮೀನುಗಾರರ ಪ್ರಾಣವು ಕೆಲವು ಕ್ಷಣಗಳ ಕಾಲ ಇದರ ಮೇಲೆಯೇ ನಿಂತಿರುವುದುಂಟು.

ಸಮುದ್ರದಿಂದ ದೂರವಿರುವ ಬೆಂಗಳೂರಿನ ಜನಕ್ಕೂ ಈ ಇಂಜಿನು ಅಪರಿಚಿತವಾದುದಲ್ಲ. 1948ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರ್ಯರು ಶಂಕುಸ್ಥಾಪನೆ ಮಾಡಿದ ಜಯನಗರವು ಮೈಸೂರಿನ ಅರಸರಾದ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಹೊತ್ತಿದೆಯೆಂದು ಪ್ರತೀತಿ. ಅದೇ ಒಡೆಯರು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನು ಉದ್ಘಾಟಿಸಿದರು. 1960ರ ದಶಕದ ಆರಂಭದಿಂದ 1996ರವರೆಗೆ ಅಲ್ಲಿ ಸಿದ್ಧವಾದ ಜಾವಾ, ಯೆಜ್ದಿ ಎಂಬ ಮೋಟಾರುಸೈಕಲ್ಲುಗಳು ಎರಡು ಹೊಡೆತದವು. ಅವುಗಳ ನೀಲಿ ಹೊಗೆಯನ್ನು ಕಂಡವರೂ, ಪೆಟ್ರೋಲಿನಲ್ಲಿ ಎಣ್ಣೆಯನ್ನು ಅಳೆದು ಬೆರೆಸಿದವರೂ ಜಯನಗರದಲ್ಲಿ ಈಗಲೂ ಇರುವರು. ಆದುದರಿಂದ ನೆಲದ ಮೇಲಿನ ಈ ಪರಿಚಿತ ವಾಹನವನ್ನು ಮೊದಲು ನೋಡಿ, ಅಲ್ಲಿಂದ ನೀರಿಗಿಳಿಯುವುದು ಸುಗಮವಾದ ಕ್ರಮವು.

ಎರಡು ಹೊಡೆತದ ತತ್ತ್ವವನ್ನು ಮೊದಲು ಸಾಧಿಸಿದವನು ಸ್ಕಾಟ್ಲೆಂಡಿನ ಡ್ಯೂಗಾಲ್ಡ್ ಕ್ಲರ್ಕ್. ಅವನ ಇಂಜಿನಿಗೆ 1881ರಲ್ಲಿ ಪೇಟೆಂಟು ದೊರೆಯಿತು. ಅದರಲ್ಲಿ ಗಾಳಿಯನ್ನೂ ಇಂಧನವನ್ನೂ ಒಳಕ್ಕೆ ನೂಕುವುದಕ್ಕೆ ಬೇರೊಂದು ಸಿಲಿಂಡರು ಬೇಕಾಗಿದ್ದಿತು. ಇಂಗ್ಲೆಂಡಿನ ಬಾತ್ ಪಟ್ಟಣದ ಜೋಸೆಫ್ ಡೇ ಎಂಬವನು 1891ರಲ್ಲಿ ಈ ಭಾರವನ್ನು ಪರಿಹರಿಸಿದನು. ಪಿಸ್ಟನ್ನಿನ ಕೆಳಗೆ ಕ್ರ್ಯಾಂಕು ತಿರುಗುವ ಪೆಟ್ಟಿಗೆಯೊಂದು ಹೇಗೂ ಇರುವುದಷ್ಟೆ. ಪಿಸ್ಟನ್ನು ಮೇಲೇರುವಾಗ ಆ ಪೆಟ್ಟಿಗೆಯೇ ಮಿಶ್ರಣವನ್ನು ಹೀರಿಕೊಳ್ಳಲಿ, ಅದು ಕೆಳಗಿಳಿಯುವಾಗ ಪೆಟ್ಟಿಗೆಯೇ ಅದನ್ನು ಒತ್ತಿ ಮೇಲಣ ಸಿಲಿಂಡರಿಗೆ ಕಳುಹಲಿ ಎಂಬುದು ಅವನ ಯುಕ್ತಿ. ಮರುವರ್ಷವೇ ಅವನ ಬಳಿಯಿದ್ದ ಫ್ರೆಡರಿಕ್ ಕಾಕ್ ಎಂಬವನು ಒಳದ್ವಾರವನ್ನು ಪಿಸ್ಟನ್ನಿನ ಅಂಚೇ ತೆರೆದು ಮುಚ್ಚುವಂತೆ ಮಾಡಿದನು. ಹೀಗೆ ಒಂದು ಪೆಟ್ಟಿಗೆಯು ಆಧಾರವೂ ಆಯಿತು, ತಿದಿಯೂ ಆಯಿತು. ಯಂತ್ರವು ಹಗುರವಾಯಿತು, ಅಗ್ಗವಾಯಿತು.

ಆದರೆ ಈ ಲಾಘವದೊಳಗೇ ದೋಷದ ಬೀಜವೂ ಇದ್ದಿತು. ಇಂಧನವೆಲ್ಲವೂ ಉರಿಯುವ ಸ್ಥಳಕ್ಕೆ ಹೋಗುವುದಕ್ಕೆ ಮೊದಲು ಕ್ರ್ಯಾಂಕ್ ಪೆಟ್ಟಿಗೆಯ ಮೂಲಕವೇ ಹಾಯಬೇಕು. ಇಂಜಿನು ವೇಗವಾಗಿ ಓಡುವಾಗ ಗಾಳಿಯ ರಭಸವು ಇಂಧನದ ಹನಿಗಳನ್ನು ಎತ್ತಿಕೊಂಡು ಹೋಗುವುದು. ಮಂದಗತಿಯಲ್ಲಿ ಆ ರಭಸವು ಸಾಲದೆ ಭಾರವಾದ ಹನಿಗಳು ಗೋಡೆಗೆ ಅಂಟಿ ತಳಕ್ಕಿಳಿದು ಮಡುಗಟ್ಟುವುವು. ಜಾವಾ ಮೊದಲಾದ ನೆಲದ ವಾಹನಗಳಲ್ಲಿ ಕ್ರ್ಯಾಂಕಿನ ಅಚ್ಚು ಅಡ್ಡಲಾಗಿ ಮಲಗಿರುವುದರಿಂದ ಅದರ ಭಾರವಾದ ಚಕ್ರಗಳು ಪ್ರತಿ ಸುತ್ತಿನಲ್ಲಿಯೂ ಪೆಟ್ಟಿಗೆಯ ತಳವನ್ನು ಸವರಿ, ನಿಂತ ದ್ರವವನ್ನು ಮತ್ತೆ ಚಿಮುಕಿಸುವುವು. ಆದುದರಿಂದ ಅಲ್ಲಿ ಶೇಷೇಂಧನವು ಹೊಗೆಯಾಗಿ ಕಾಣಿಸಿಕೊಂಡೀತೇ ಹೊರತು ಪ್ರತ್ಯೇಕವಾದ ಏರ್ಪಾಡನ್ನು ಅಪೇಕ್ಷಿಸಲಿಲ್ಲ.

ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಔಟ್‌ಬೋರ್ಡ್ ಮೋಟಾರಿನ ಸ್ಥಿತಿಯು ಬೇರೆ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್ರೂಡ್ ಎಂಬವನು 1909ರಲ್ಲಿ ಇಂತಹ ಮೋಟಾರುಗಳನ್ನು ಮಾರಾಟಕ್ಕೆ ತಂದನು. ಜಪಾನಿನ ಯಮಾಹಾ ಸಂಸ್ಥೆಯು 1960ರಲ್ಲಿಯೂ ಸುಜುಕಿ ಸಂಸ್ಥೆಯು 1965ರಲ್ಲಿಯೂ ತಮ್ಮ ಮೊದಲ ಔಟ್‌ಬೋರ್ಡುಗಳನ್ನು ನಿರ್ಮಿಸಿದುವು. ನೀರಿನೊಳಗಿನ ಪ್ರೊಪೆಲ್ಲರಿಗೆ ಶಕ್ತಿಯನ್ನು ನೇರವಾಗಿ ಇಳಿಸಬೇಕಾದುದರಿಂದ ಇವುಗಳಲ್ಲಿ ಕ್ರ್ಯಾಂಕಿನ ಅಚ್ಚು ಕಂಬದಂತೆ ನಿಂತಿರುವುದು. ಸಿಲಿಂಡರುಗಳು ಒಂದರ ಮೇಲೊಂದಾಗಿ ಮಲಗಿರುವುವು. ಪ್ರತಿಯೊಂದಕ್ಕೂ ತನ್ನದೇ ಆದ ಕ್ರ್ಯಾಂಕ್ ಕೋಣೆಯಿರುವುದು. ಇಂತಹ ಕೋಣೆಯ ತಳವು ತಟ್ಟೆಯಂತೆ ಸಮವಾಗಿರುವುದರಿಂದ ಅಲ್ಲಿ ನಿಂತ ದ್ರವವು ಸುಲಭವಾಗಿ ಏಳದು. ಮೀನುಗಾರನೋ ಬಲೆ ಬಿಡುವಾಗಲೂ ಎಳೆಯುವಾಗಲೂ ಮೋಟಾರನ್ನು ದೀರ್ಘಕಾಲ ಮಂದಗತಿಯಲ್ಲಿಯೇ ಇಡುವನು. ಹೀಗೆ ರಚನೆಯೂ ಪ್ರಯೋಗವೂ ಕೂಡಿ ಶೇಷೇಂಧನವನ್ನು ಹೆಚ್ಚಿಸಿದುವು.

ಇದಕ್ಕೆ ಪೂರ್ವಕಾಲದ ತಯಾರಕರು ಕಂಡುಕೊಂಡ ಉಪಾಯವು ಅತಿ ಸರಳವಾದುದು: ಕೋಣೆಯ ತಳದಲ್ಲಿ ಏಕಮುಖ ಕವಾಟವೊಂದನ್ನಿಟ್ಟು, ನಿಂತ ಪೆಟ್ರೋಲನ್ನೂ ಎಣ್ಣೆಯನ್ನೂ ಹೊರಕ್ಕೆ, ಎಂದರೆ ನೀರಿಗೆ, ಬಿಟ್ಟುಬಿಡುವುದು. ದಶಕಗಳ ಕಾಲ ಈ ಪದ್ಧತಿಯೇ ನಡೆಯಿತು. 1970ರ ದಶಕದ ಆರಂಭದಲ್ಲಿ ಜಲಮಾಲಿನ್ಯದ ವಿಷಯವಾಗಿ ಅಮೆರಿಕದಲ್ಲಿ ಆಕ್ಷೇಪಗಳು ಪ್ರಬಲವಾಗಲು ತಯಾರಕರು ಆ ಹೊರದ್ವಾರವನ್ನು ಮುಚ್ಚಿದರು. ಅದರ ಸ್ಥಾನದಲ್ಲಿ ಬಂದುದೇ ಪುನರಾವರ್ತನದ ಏರ್ಪಾಡು. ಎರಡು ಸಿಲಿಂಡರುಗಳ ಮೋಟಾರಿನಲ್ಲಿ ಒಂದು ಕೋಣೆಯು ಒತ್ತುತ್ತಿರುವಾಗ ಇನ್ನೊಂದು ಹೀರುತ್ತಿರುವುದು. ಒತ್ತುವ ಕೋಣೆಯ ತಳದಿಂದ ಹೀರುವ ಕಡೆಗೆ ಸಣ್ಣ ರಬ್ಬರು ಕೊಳವೆಯನ್ನು ಹಾಯಿಸಿ, ನಡುವೆ ಏಕಮುಖ ಕವಾಟವನ್ನಿಟ್ಟರೆ, ಬೇರೆ ಪಂಪಿನ ಅವಶ್ಯವಿಲ್ಲದೆಯೇ ಶೇಷವು ಉರಿಯುವ ಸ್ಥಳಕ್ಕೆ ಹಿಂದಿರುಗುವುದು. ಕೆಲವು ಮೋಟಾರುಗಳಲ್ಲಿ ಈ ಎಣ್ಣೆಮಿಶ್ರಿತ ದ್ರವವನ್ನೇ ಮೇಲಣ ಬೇರಿಂಗಿಗೆ ಹಾಯಿಸಿ ಅದರ ಸ್ನೇಹನಕ್ಕೂ ಉಪಯೋಗಿಸಿರುವರು. ಹಿಂದೆ ಎಂಜಲಾಗಿದ್ದುದು ಈಗ ಅನ್ನವಾಯಿತು.

ಕರ್ನಾಟಕದ ಕರಾವಳಿಗೆ ಈ ಯಂತ್ರವು ಬಂದ ಸಂದರ್ಭವನ್ನು ಇಲ್ಲಿ ಸ್ಮರಿಸಬೇಕು. ಬಹುಜನರು ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆಯು ಇಲ್ಲಿ ಬಂಗುಡೆ, ಬೂತಾಯಿ ಮೀನುಗಳನ್ನು ಹಿಡಿಯುವ ಮುಖ್ಯ ಸಾಧನವಾಗಿದ್ದಿತು. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದು ಮೀನಿನ ಗುಂಪುಗಳನ್ನು ಕಡಲಿನಲ್ಲಿಯೇ ಸುತ್ತುಗಟ್ಟಲು ರಂಪಣಿಯು ಕ್ಷೀಣಿಸಿತು. ದಡದಲ್ಲಿ ಕಾಯುತ್ತ ನಿಂತರೆ ಮೀನು ಬಾರದೆಂದು ಕಂಡ ನಾಡದೋಣಿಯವರು ಮೀನಿದ್ದೆಡೆಗೆ ತಾವೇ ಹೋಗಬೇಕಾಯಿತು. ಹುಟ್ಟು, ಹಾಯಿಗಳ ಬದಲು ಔಟ್‌ಬೋರ್ಡ್ ಮೋಟಾರನ್ನು ಕಟ್ಟುವ ಪದ್ಧತಿಯು 1980ರ ದಶಕದಿಂದೀಚೆಗೆ ಹರಡಿತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧವಿದ್ದಾಗಲೂ 10 ಅಶ್ವಶಕ್ತಿಯೊಳಗಿನ ಮೋಟಾರುಳ್ಳ ನಾಡದೋಣಿಗಳಿಗೆ ಕರ್ನಾಟಕದಲ್ಲಿ ವಿನಾಯಿತಿಯಿರುವುದು. ಆದುದರಿಂದ ಕಡಲು ಅತ್ಯಂತ ಉಗ್ರವಾಗಿರುವ ಕಾಲವೇ ಈ ಸಣ್ಣ ಮೋಟಾರುಗಳಿಗೆ ಸುಗ್ಗಿಯ ಕಾಲವೂ ಆಯಿತು.

ಇದರ ಜೊತೆಗೆ ಸೀಮೆಎಣ್ಣೆಯ ವಿಚಾರವು ಸೇರುತ್ತದೆ. ಪೆಟ್ರೋಲಿನ ಬೆಲೆಯನ್ನು ತಾಳಲಾರದ ನಾಡದೋಣಿಯವರು ಸೀಮೆಎಣ್ಣೆಯಿಂದ ಓಡುವ ಮೋಟಾರುಗಳನ್ನೇ ಹೆಚ್ಚಾಗಿ ಕೊಂಡರು. ಇವು ಪೆಟ್ರೋಲಿನಿಂದ ಹೊರಟು, ಬಿಸಿಯಾದ ತರುವಾಯ ಸೀಮೆಎಣ್ಣೆಗೆ ತಿರುಗುವುವು. ಪೆಟ್ರೋಲು ಸುಮಾರು 35ರಿಂದ 200 ಡಿಗ್ರಿ ಸೆಂಟಿಗ್ರೇಡಿನೊಳಗೆ ಆವಿಯಾಗುವುದು. ಸೀಮೆಎಣ್ಣೆಗೆ 150ರಿಂದ 300 ಡಿಗ್ರಿಯವರೆಗೂ ಶಾಖವು ಬೇಕು. ಆವಿಯಾಗಲು ತಡಮಾಡುವ ದ್ರವವೇ ತಳದಲ್ಲಿ ಹೆಚ್ಚಾಗಿ ನಿಲ್ಲುವುದು. ಆದುದರಿಂದ ಶೇಷೇಂಧನದ ಸಮಸ್ಯೆಯು ಅದು ಹುಟ್ಟಿದ ದೇಶಕ್ಕಿಂತಲೂ ಕನ್ನಡದ ಕರಾವಳಿಯಲ್ಲಿ ಹೆಚ್ಚು ತೀವ್ರವಾಯಿತೆನ್ನಬಹುದು.

ಆಪತ್ತಿನ ಸ್ಥಾನವು ಅಳಿವೆ, ಎಂದರೆ ನದಿಯು ಕಡಲನ್ನು ಸೇರುವ ಬಾಯಿ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳೂ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿಯೂ ಇಂತಹ ಅಳಿವೆಗಳ ಮೂಲಕವೇ ಕಡಲನ್ನು ಕೂಡುವುವು. ಮರಳಿನ ದಿಬ್ಬದ ಮೇಲೆ ತೆರೆಗಳು ಒಡೆಯುವಾಗ ದೋಣಿಯು ಮೋಟಾರನ್ನು ಮಂದವಾಗಿಟ್ಟು ಎಡೆಗಾಗಿ ಕಾಯಬೇಕು; ಎಡೆ ಕಂಡೊಡನೆಯೇ ಪೂರ್ಣವೇಗದಿಂದ ನುಗ್ಗಬೇಕು. ಕಾಯುವ ಹೊತ್ತಿನಲ್ಲಿ ಶೇಷವು ತುಂಬುವುದು. ನುಗ್ಗುವ ಕ್ಷಣದಲ್ಲಿ ಅದೆಲ್ಲವೂ ಒಮ್ಮೆಗೇ ಸಿಲಿಂಡರಿಗೆ ಏರುವುದು. ಪುನರಾವರ್ತನದ ಕೊಳವೆಯು ಸರಿಯಾಗಿಲ್ಲದಿದ್ದರೆ ಮೋಟಾರು ಕೆಮ್ಮಿ, ಹೊಗೆಯುಗುಳಿ, ತೆರೆಯ ಮುಂದೆಯೇ ನಿಂತುಹೋಗಬಹುದು. ಆಗ ದೋಣಿಯು ತೆರೆಗೆ ಅಡ್ಡವಾಗುವುದು.

ಹೀಗಿರಲು ಈ ದೋಷವನ್ನು ಮೊದಲೇ ಕಂಡುಹಿಡಿಯುವ ಕ್ರಮವು ಯಾವುದು? ಇಲ್ಲಿ ನಮ್ಮ ತರ್ಕಶಾಸ್ತ್ರದ ರೀತಿಯೇ ಉಪಕಾರಕವಾಗಿದೆ. ಪರ್ವತದಲ್ಲಿ ಧೂಮವನ್ನು ಕಂಡು ವಹ್ನಿಯನ್ನು ಊಹಿಸುವುದು ತರ್ಕಸಂಗ್ರಹವನ್ನು ಓದಿದ ಬಾಲಕನಿಗೂ ತಿಳಿದುದು. ಮೋಟಾರಿನಲ್ಲಾದರೋ ಅಧಿಕವಾದ ಧೂಮವು ವಹ್ನಿಯ ಪೂರ್ಣತೆಯನ್ನಲ್ಲ, ನ್ಯೂನತೆಯನ್ನೇ ಸೂಚಿಸುವುದು. ಸ್ಪಾರ್ಕ್ ಪ್ಲಗ್ಗು ಕಪ್ಪಾಗಿ ಒದ್ದೆಯಾಗಿರುವುದನ್ನು ಕಂಡು ಪುನರಾವರ್ತನದ ದೋಷವೆಂದು ಒಡನೆಯೇ ನಿಶ್ಚಯಿಸುವುದೂ ಸರಿಯಲ್ಲ. ಕಾರ್ಬುರೇಟರಿನಿಂದ ಇಂಧನವು ಅತಿಯಾಗಿ ಬಂದಾಗಲೂ, ಕಿಡಿಯು ದುರ್ಬಲವಾದಾಗಲೂ ಪ್ಲಗ್ಗು ಒದ್ದೆಯಾಗುವುದು. ಅಂದರೆ ಈ ಹೇತುವು ಸವ್ಯಭಿಚಾರವಾದುದು. ಅನ್ವಯವ್ಯತಿರೇಕಗಳಿಂದಲೇ ಕಾರಣವನ್ನು ನಿಶ್ಚಯಿಸಬೇಕು.

ಎರಡು ಸಿಲಿಂಡರುಗಳ ಪ್ಲಗ್ಗುಗಳನ್ನು ಅದಲುಬದಲು ಮಾಡಿದಾಗ ದೋಷವು ಪ್ಲಗ್ಗಿನೊಡನೆಯೇ ಹೋದರೆ ಪ್ಲಗ್ಗೇ ಕಾರಣ. ಸಿಲಿಂಡರಿನಲ್ಲಿಯೇ ನಿಂತರೆ ಮುಂದೆ ಪರಿಶೀಲಿಸಬೇಕು. ಮೋಟಾರು ಹೊರಟಾಗ ಚೆನ್ನಾಗಿದ್ದು, ಮಂದಗತಿಯಲ್ಲಿ ಹೊತ್ತು ಕಳೆದಷ್ಟೂ ಒರಟಾಗಿ, ವೇಗ ಕೊಟ್ಟೊಡನೆ ಹೊಗೆಯುಗುಳಿ, ಸ್ವಲ್ಪ ದೂರ ಓಡಿದ ಮೇಲೆ ತಿಳಿಯಾದರೆ ಕೊಳವೆಯೋ ಕವಾಟವೋ ಕಟ್ಟಿಕೊಂಡಿರುವುದು ಸಂಭವ. ಹೊರಡುವಾಗಲೇ ಕಷ್ಟಪಟ್ಟು ಮಂದಗತಿಯಲ್ಲಿ ಮೊದಲಿನಿಂದಲೂ ನಿಲ್ಲದಿದ್ದರೆ ಕವಾಟವು ತೆರೆದೇ ನಿಂತು ಕೋಣೆಯ ಒತ್ತಡವು ಸೋರುತ್ತಿರಬಹುದು. ಕೊಳವೆಯು ಬಿರಿದಿದ್ದರೆ ಮುಚ್ಚಳದೊಳಗೆ ಎಣ್ಣೆಯ ಪಸೆಯು ಕಾಣುವುದು. ಅಲ್ಲಿ ಬೆಂಕಿಯ ಭಯವೂ ಉಂಟು. ಹಿಂದಿನ ದುರಸ್ತಿಯ ಮರುದಿನದಿಂದಲೇ ತೊಂದರೆಯು ಆರಂಭವಾಗಿದ್ದರೆ ಕೊಳವೆಗಳು ಸ್ಥಾನ ತಪ್ಪಿರುವುದನ್ನು ಶಂಕಿಸಬೇಕು.

ಅನುಮಾನದ ಮೇಲೆ ಪ್ರತ್ಯಕ್ಷವು ಬರಬೇಕು. ಕೊಳವೆಗಳನ್ನು ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಗುರುತು ಕಟ್ಟಿ, ಒಂದೊಂದನ್ನಾಗಿ ಮಾತ್ರ ತೆಗೆಯತಕ್ಕದ್ದು. ಕವಾಟಕ್ಕೆ ಪಿಚಕಾರಿಯಿಂದ ಮೆಲ್ಲಗೆ ಗಾಳಿಯನ್ನು ಒತ್ತಿದರೆ ಅದು ಒಂದು ಕಡೆಗೆ ಹಾಯಬೇಕು, ಇನ್ನೊಂದು ಕಡೆಗೆ ಹಾಯಬಾರದು. ಎರಡು ಕಡೆಗೂ ಹಾಯ್ದರೂ, ಎರಡು ಕಡೆಗೂ ಹಾಯದಿದ್ದರೂ ಅದು ಕೆಟ್ಟಿರುವುದು. ಕಂಪ್ರೆಸ್ಸರಿನ ಬಲವಾದ ಗಾಳಿಯನ್ನು ಬಿಟ್ಟರೆ ಒಳ್ಳೆಯ ಕವಾಟವೂ ಕೆಡುವುದು. ಹೊಸ ಕೊಳವೆಯು ಪೆಟ್ರೋಲಿಗೆ ಉಬ್ಬದ ಜಾತಿಯದಾಗಿರಬೇಕು. ಸೀಮೆಎಣ್ಣೆಯ ಮೋಟಾರನ್ನು ನಿಲ್ಲಿಸುವ ಮೊದಲು ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿದರೆ ಕೋಣೆಯೂ ಕವಾಟವೂ ತೊಳೆದಂತಾಗಿ ಅಂಟು ಹಿಡಿಯುವುದು ಕಡಮೆಯಾಗುವುದು.

ಕೊಳವೆಯು ಕಿತ್ತುಹೋದಾಗ ಅದರ ರಂಧ್ರವನ್ನು ಮುಚ್ಚಿಬಿಡುವುದು ಸುಲಭವಾದ ಚಿಕಿತ್ಸೆಯೆಂದು ತೋರಬಹುದು. ಮೋಟಾರು ಆ ದಿನ ಓಡಲೂ ಓಡೀತು. ಚರಿತ್ರೆಯನ್ನು ಬಲ್ಲವನು ಹಾಗೆ ಮಾಡಲಾರನು. ಹಿಂದೆ ಶೇಷಕ್ಕೆ ಹೊರದಾರಿಯಿದ್ದಿತು. ಅದನ್ನು ಮುಚ್ಚಿದವರು ಒಳದಾರಿಯನ್ನು ಕೊಟ್ಟರು. ಈಗ ಒಳದಾರಿಯನ್ನೂ ಮುಚ್ಚಿದರೆ ಶೇಷಕ್ಕೆ ಗತಿಯೇ ಇಲ್ಲ. ಅದು ಅಳಿವೆಯ ಹೊತ್ತಿಗಾಗಿ ಕಾದಿರುವುದು.

ಆದರೂ ಪುನರಾವರ್ತನಕ್ಕೆ ಸಲ್ಲದ ಕೀರ್ತಿಯನ್ನು ಕೊಡಬಾರದು. ಶೇಷವು ಎರಡು ವಿಧವಾದುದು. ಕೋಣೆಯ ತಳದಲ್ಲಿ ನಿಲ್ಲುವುದು ಒಂದು. ಸಿಲಿಂಡರಿಗೆ ಹೊಸ ಮಿಶ್ರಣವು ಪ್ರವೇಶಿಸುವಾಗ ಹೊರದ್ವಾರವೂ ತೆರೆದಿರುವುದರಿಂದ ಉರಿಯದೆಯೇ ಹೊರಬೀಳುವುದು ಮತ್ತೊಂದು. ಎರಡನೆಯದು ಹಳೆಯ ಕಾರ್ಬುರೇಟರು ಮೋಟಾರುಗಳಲ್ಲಿ ಇಂಧನದ ನಾಲ್ಕನೆಯ ಒಂದು ಪಾಲಿನಷ್ಟಿರಬಹುದು. ಅದಕ್ಕೆ ಈ ಕೊಳವೆಗಳು ಪರಿಹಾರವಲ್ಲ. ಆ ಕಾರಣದಿಂದಲೇ 1996ರಲ್ಲಿ ಅಮೆರಿಕದ ಸರ್ಕಾರವು ಹೊಸ ನಿಯಮಗಳನ್ನು ವಿಧಿಸಲು, ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಮೋಟಾರುಗಳೂ ನಾಲ್ಕು ಹೊಡೆತದ ಮೋಟಾರುಗಳೂ ಮುಂದೆ ಬಂದುವು. 1909ರಲ್ಲಿ ಆರಂಭವಾದ ಎವಿನ್ರೂಡ್ ಹೆಸರಿನ ಮೋಟಾರುಗಳ ತಯಾರಿಕೆಯು 2020ರಲ್ಲಿ ನಿಂತಿತು.

ಹೊಸದನ್ನು ಕೊಳ್ಳಬಲ್ಲವರಿಗೆ ಹಳೆಯ ಮೋಟಾರಿನ ಪ್ರಕರಣವು ಮುಗಿದಂತೆಯೇ ಸರಿ. ಕೊಳ್ಳಲಾರದವರ ದೋಣಿಯಲ್ಲಿ ಅದು ಇನ್ನೂ ನಡೆಯುತ್ತಿರುವುದು. ಒಂದು ಗೇಣುದ್ದದ ಕೊಳವೆಯೂ ಒಂದು ಗುಂಡಿಯಷ್ಟು ಸಣ್ಣ ಕವಾಟವೂ ಅಲ್ಲಿ ಏಕಿರುವುವೆಂದು ಬಲ್ಲ ಕೈಗಳು ಇರುವವರೆಗೆ ಆ ದೋಣಿಯು ಅಳಿವೆಯನ್ನು ದಾಟಿ ಮನೆಗೆ ಬರುವುದು. ಕಾರಣವನ್ನು ತಿಳಿಯದೆ ಕಾರ್ಯವನ್ನು ತಿದ್ದಬಾರದೆಂಬ ಶಾಸ್ತ್ರಕಾರರ ಮತವು ಪಾಠಶಾಲೆಯ ಜಗಲಿಯ ಮೇಲೆ ಎಷ್ಟು ಸತ್ಯವೋ ಮಳೆಗಾಲದ ಕಡಲಿನ ಮೇಲೆಯೂ ಅಷ್ಟೇ ಸತ್ಯವಾದುದು.